ರಕ್ತ ಅಂದರೆ ಯಾರ ರಕ್ತ? - ಇಟಲಿಯ ಪೌರತ್ವದ ಕತೆ

ನಮ್ಮ ಪ್ರಾಜೆಕ್ಟಿನಲ್ಲಿ ಬ್ರೆಜಿಲಿನ ಸಾವೊ ಪಾಲೊದ ಹುಡುಗನೊಬ್ಬ ಇದ್ದಾನೆ. ಅವನಿಗೆ ಬೆಳಗಾಗುವಾಗ ನಮಗೆ ಸಂಜೆ, ಹಾಗಾಗಿ ದಿನಾ ಸಂಜೆ ಅವನ ಜೊತೆ ಒಂದು ಕಾಲ್ ಇರುತ್ತದೆ. ಬಿಲ್ಡ್ ಮುಗಿಯುವ ತನಕ ಹರಟೆ. 2024ರ ವರ್ಷವಿಡೀ ಅವನ ಬಾಯಲ್ಲಿ ಒಂದೇ ಮಾತು: ಮುತ್ತಜ್ಜಿಯ ಜನನ ಪತ್ರ. ಅವರು ಇಟಲಿಯ ವೆನೆತೊ ಪ್ರಾಂತ್ಯದಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬ್ರೆಜಿಲಿಗೆ ಬಂದವರಂತೆ. ಆ ಪತ್ರ ಸಿಕ್ಕರೆ ಇವನಿಗೆ ಇಟಲಿಯ ಪಾಸ್‌ಪೋರ್ಟ್ ಸಿಗುತ್ತದಂತೆ!

"ಮುತ್ತಜ್ಜಿ ಹುಟ್ಟಿದ ದೇಶ ಇವನಿಗೆ ಯಾಕೆ ಪಾಸ್‌ಪೋರ್ಟ್ ಕೊಡಬೇಕು?" ಅಂತ ತಲೆಯಲ್ಲಿ ಹುಳ ಹೊಕ್ಕಿತು. ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ, ಸ್ವಲ್ಪ ತಾಳ್ಮೆ ಇರಲಿ.

ಇಟಲಿ ಅನ್ನುವ ದೇಶಕ್ಕೆ ವಯಸ್ಸು ಬಹಳವೇನಿಲ್ಲ. ಚೂರುಚೂರಾಗಿದ್ದ ರಾಜ್ಯಗಳು ಸೇರಿ ಇಟಲಿ ಸಾಮ್ರಾಜ್ಯ ಅಂತ ಘೋಷಣೆ ಆದದ್ದು 17 ಮಾರ್ಚ್ 1861ರಂದು. ವೆನೆತೊ ಸೇರಿದ್ದು 1866ರಲ್ಲಿ, ರೋಮ್ ಸೇರಿದ್ದು 1870ರಲ್ಲಿ. ದೇಶವೇನೋ ಹುಟ್ಟಿತು, ಆದರೆ ಹೊಟ್ಟೆಗೆ ಹಿಟ್ಟಿರಲಿಲ್ಲ. 1876ರಿಂದ 1915ರ ಒಳಗೆ ಸುಮಾರು 1 ಕೋಟಿ 40 ಲಕ್ಷ ಜನ ದೇಶ ಬಿಟ್ಟು ಹೊರಟರು. ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್... ಬ್ರೆಜಿಲಿನಲ್ಲಿ 1888ರಲ್ಲಿ ಗುಲಾಮಗಿರಿ ರದ್ದಾಗಿತ್ತು, ಕಾಫಿ ತೋಟಗಳಿಗೆ ಆಳುಗಳು ಬೇಕಿದ್ದರು.

ಇಲ್ಲೊಂದು ತಮಾಷೆ ನಡೆಯಿತು. 1889ರ ನವೆಂಬರಿನಲ್ಲಿ ಬ್ರೆಜಿಲ್ ಗಣರಾಜ್ಯವಾಯಿತು. ಹೊಸ ಸರ್ಕಾರ ಡಿಸೆಂಬರಿನಲ್ಲಿ ಒಂದು ಆಜ್ಞೆ ಹೊರಡಿಸಿತು: ದೇಶದಲ್ಲಿರುವ ವಿದೇಶಿಯರೆಲ್ಲ ಇನ್ನು ಬ್ರೆಜಿಲಿನ ಪ್ರಜೆಗಳು, ಬೇಡ ಅನ್ನುವವರು ಆರು ತಿಂಗಳೊಳಗೆ ಬಂದು ಹೇಳಬೇಕು. ಕಾಫಿ ತೋಟದ ನಡುವೆ ಇದ್ದ, ಓದು ಬರಹ ಬಾರದ ಕೂಲಿಗೆ ಆಜ್ಞೆ ಬಂದದ್ದೇ ಗೊತ್ತಾಗಲಿಕ್ಕಿಲ್ಲ. ಹಾಗಾದರೆ ಸುಮ್ಮನಿದ್ದವರೆಲ್ಲ ಇಟಲಿಯ ಪೌರತ್ವ ಕಳೆದುಕೊಂಡರೇ? ಇಲ್ಲ, ಮೌನ ಸಮ್ಮತಿ ಅಲ್ಲ ಅಂತ ನೇಪಲ್ಸಿನ ನ್ಯಾಯಾಲಯ 1907ರಲ್ಲೇ ಹೇಳಿತು. ಇದೇ ಪ್ರಶ್ನೆ ನೂರು ವರ್ಷ ಬಿಟ್ಟು ಮತ್ತೆ ಎದ್ದಾಗ ಇಟಲಿಯ ಅತ್ಯುನ್ನತ ನ್ಯಾಯಾಲಯವೂ 2022ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಇಟಲಿಗೂ ತನ್ನ ಜನರನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. 1912ರ 555ನೇ ಕಾನೂನು ಹೇಳಿದ್ದು ಇಷ್ಟು: ಮಗು ಎಲ್ಲೇ ಹುಟ್ಟಲಿ, ಹುಟ್ಟಿದ ದೇಶ ತನ್ನ ಪೌರತ್ವ ಕೊಟ್ಟರೂ ಕೊಡಲಿ, ಅಪ್ಪ ಇಟಲಿಯವನಾಗಿದ್ದರೆ ಮಗುವೂ ಇಟಲಿಯದೇ. ಮಣ್ಣಿನ ಹಕ್ಕಲ್ಲ, ರಕ್ತದ ಹಕ್ಕು. ಇದಕ್ಕೆ ತಲೆಮಾರುಗಳ ಮಿತಿಯೂ ಇರಲಿಲ್ಲ. ನಡುವೆ ಯಾರೂ ತಾವಾಗಿ ಬೇರೆ ದೇಶದ ಪೌರತ್ವ ತೆಗೆದುಕೊಂಡು ಸರಪಳಿ ಕಡಿಯದಿದ್ದರೆ ಮರಿಮಗನಿಗೂ ಹಕ್ಕಿತ್ತು.

ಗಮನಿಸಿದಿರಾ? "ಅಪ್ಪ". ಅಪ್ಪ ಯಾರೆಂದು ಗೊತ್ತಿಲ್ಲದಂಥ ಕೆಲವು ಸಂದರ್ಭ ಬಿಟ್ಟರೆ ಅಮ್ಮನ ರಕ್ತ ಲೆಕ್ಕಕ್ಕೇ ಇಲ್ಲ! ಮದುವೆಯ ವಿಷಯದಲ್ಲೂ ಹಾಗೇ. ಇಟಲಿಯ ಗಂಡಸು ವಿದೇಶಿ ಹೆಣ್ಣನ್ನು ಮದುವೆಯಾದರೆ ಅವಳು ಆ ಕ್ಷಣವೇ ಇಟಲಿಯವಳು. ಇಟಲಿಯ ಹೆಣ್ಣು ವಿದೇಶಿಯನ್ನು ಮದುವೆಯಾಗಿ ಗಂಡನ ದೇಶದ ಪೌರತ್ವ ಅವಳಿಗೆ ಬಂದರೆ, ಅವಳದ್ದು ಹೋಯಿತು. ಯಾರೂ ಅವಳನ್ನು ಕೇಳುತ್ತಿರಲಿಲ್ಲ.

1 ಜನವರಿ 1948ರಂದು ಹೊಸ ಸಂವಿಧಾನ ಬಂತು. ಹೆಣ್ಣು ಗಂಡು ಸಮಾನ ಅಂತ ಅದರ 3ನೇ ವಿಧಿ ಹೇಳಿತು. ಆದರೆ 1912ರ ಕಾನೂನು ಹಾಗೇ ಕೂತಿತ್ತು. ಮದುವೆಯಾದ ಮಾತ್ರಕ್ಕೆ ಹೆಣ್ಣಿನ ಪೌರತ್ವ ಕಿತ್ತುಕೊಳ್ಳುವುದು ತಪ್ಪು ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು 1975ರಲ್ಲಿ. ಅಮ್ಮನಿಂದಲೂ ಮಗುವಿಗೆ ಪೌರತ್ವ ಬರುತ್ತದೆ ಅಂದದ್ದು 1983ರಲ್ಲಿ. ಅದೇ ವರ್ಷ, ಮದುವೆಯಾದ ತಕ್ಷಣ ಹೆಂಡತಿ ಇಟಲಿಯವಳಾಗುವ ಪದ್ಧತಿಯೂ ಹೋಗಿ, ಗಂಡನಾಗಲಿ ಹೆಂಡತಿಯಾಗಲಿ ಅರ್ಜಿ ಹಾಕಬೇಕು ಅಂತಾಯಿತು. ಈಗ ಮದುವೆಯಾಗಿ ಇಟಲಿಯಲ್ಲಿ 2 ವರ್ಷ, ಹೊರಗಿದ್ದರೆ 3 ವರ್ಷ ಕಾಯಬೇಕು. ಮಕ್ಕಳಿದ್ದರೆ ಅದರಲ್ಲಿ ಅರ್ಧ. 2018ರ ಕೊನೆಯಿಂದ ಇಟಾಲಿಯನ್ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಈಗ ನಮ್ಮ ಹುಡುಗನ ಮನೆಗೆ ಬರೋಣ. ಮುತ್ತಜ್ಜಿ ಮದುವೆಯಾದದ್ದು ಬ್ರೆಜಿಲಿನವರನ್ನು. ಆದರೆ ಅವರು ಕೊನೆಯವರೆಗೂ ಇಟಲಿಯ ಪ್ರಜೆಯಾಗಿಯೇ ಇದ್ದರು. ಅವರಿಗೆ ಇಬ್ಬರು ಮಕ್ಕಳು. ದೊಡ್ಡವರು, ಅಂದರೆ ಇವನ ತಾತ, ಹುಟ್ಟಿದ್ದು 1946ರಲ್ಲಿ. ತಾತನ ತಂಗಿ ಹುಟ್ಟಿದ್ದು 1949ರಲ್ಲಿ. 1983ರ ತೀರ್ಪನ್ನು ಇಟಲಿಯ ಕಚೇರಿಗಳು ಸಂವಿಧಾನ ಬಂದ ದಿನದಿಂದ ಈಚೆಗೆ ಮಾತ್ರ ಅನ್ವಯಿಸಿದವು. ಹಾಗಾಗಿ ತಂಗಿ ಇಟಲಿಯವಳು, ಅಣ್ಣ ಅಲ್ಲ! ಒಂದೇ ತಾಯಿ, ಒಂದೇ ಹಾಲು, ನಡುವೆ ಒಂದು ತಾರೀಖು. ತಂಗಿಯ ಮಕ್ಕಳು ಮೊಮ್ಮಕ್ಕಳು ದೂತಾವಾಸಕ್ಕೆ ಹೋಗಿ, ವರ್ಷಗಟ್ಟಲೆ ಸರದಿಯಲ್ಲಿ ಕಾದು, ಪಾಸ್‌ಪೋರ್ಟ್ ತಂದರು. ಅಣ್ಣನ ಕಡೆಯವರಿಗೆ ಉಳಿದದ್ದು ಕೋರ್ಟು. ಸಂವಿಧಾನಕ್ಕೂ ಮೊದಲು ಆದ ಅನ್ಯಾಯವೂ ಅನ್ಯಾಯವೇ ಅಂತ ಅತ್ಯುನ್ನತ ನ್ಯಾಯಾಲಯ 2009ರಲ್ಲಿ ಒಪ್ಪಿದ ಮೇಲೆ ಇಂಥವರು ದಾವೆ ಹೂಡಿ ಗೆಲ್ಲುತ್ತಿದ್ದರು. ಇದಕ್ಕೆ 1948ರ ಕೇಸು ಅಂತಲೇ ಹೆಸರು.

ಇವನೂ ಅದಕ್ಕೇ ಪತ್ರ ಕೂಡಿಸುತ್ತಿದ್ದ. ಜನನ, ಮದುವೆ, ಮರಣ, ಪ್ರತಿ ತಲೆಮಾರಿಗೂ ಒಂದೊಂದು. ಒಂದು ಪತ್ರದಲ್ಲಿ ಮುತ್ತಜ್ಜಿಯ ಹೆಸರಿನ ಅಕ್ಷರವೇ ಬೇರೆ, ಅದನ್ನು ತಿದ್ದಿಸಲು ತಿಂಗಳುಗಳು. ಆಮೇಲೆ ಅನುವಾದ, ಅದಕ್ಕೊಂದು ಮೊಹರು. ಎಲ್ಲ ಸೇರಿ ವಕೀಲರ ಕೈಗೆ ಹೋಗುವ ಹೊತ್ತಿಗೆ 28 ಮಾರ್ಚ್ 2025 ಬಂತು. ಅವತ್ತು ಇಟಲಿ ಸರ್ಕಾರ ತುರ್ತು ಆಜ್ಞೆ ಹೊರಡಿಸಿತು. ಮೇ ತಿಂಗಳಲ್ಲಿ ಅದು 74ನೇ ಕಾನೂನಾಯಿತು. ಸ್ಥೂಲವಾಗಿ ಹೇಳುವುದಾದರೆ, ಹೊರಗೆ ಹುಟ್ಟಿ ಬೇರೆ ಪೌರತ್ವವೂ ಇರುವವರಿಗೆ ಅಪ್ಪ ಅಮ್ಮ ಇಲ್ಲವೇ ಅಜ್ಜ ಅಜ್ಜಿಯಲ್ಲಿ ಒಬ್ಬರಾದರೂ ಬರೀ ಇಟಲಿಯ ಪ್ರಜೆಯಾಗಿರಬೇಕು. ಮುತ್ತಜ್ಜಿ ನಡೆಯುವುದಿಲ್ಲ. 27ರ ಮಧ್ಯರಾತ್ರಿಯೊಳಗೆ ಅರ್ಜಿ ಅಥವಾ ದಾವೆ ಹಾಕಿದವರಿಗೆ ಹಳೆಯ ಕಾನೂನು. ಇವನದು ಹಾಕಿರಲಿಲ್ಲ.

ಅವನ ಅಮ್ಮನಿಗೆ ಮುತ್ತಜ್ಜಿ ಅಜ್ಜಿಯಾಗಬೇಕು. ಆದ್ದರಿಂದ ಅಮ್ಮನಿಗೆ ಈಗಲೂ ದಾರಿಯಿದೆ, ಮಗನಿಗಿಲ್ಲ. "ಮೊದಲು ಹೆಣ್ಣು ಅಂತ ಬಿಟ್ಟರು, ಈಗ ದೂರ ಅಂತ ಬಿಟ್ಟರು" ಅಂದ. ನಾನು ಏನೂ ಹೇಳಲಿಲ್ಲ, ಬಿಲ್ಡ್ ಮುಗಿದಿತ್ತು.

ಸರ್ಕಾರದ ಮಾತಿನಲ್ಲೂ ಹುರುಳಿಲ್ಲದಿಲ್ಲ. ಇಟಲಿಯನ್ನು ನೋಡದವರಿಗೆ, ಭಾಷೆ ಬಾರದವರಿಗೆ ಎಷ್ಟು ತಲೆಮಾರು ಕೊಡುವುದು? ಆದರೆ ಅದೇ ಇಟಲಿಯಲ್ಲಿ ಪೋ ನದಿಯ ಬಯಲಿನ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ನಮ್ಮ ಪಂಜಾಬಿಗಳಿದ್ದಾರೆ. ಆ ಹಾಲಿನಿಂದಲೇ ಹೆಸರಾಂತ ಚೀಸ್ ತಯಾರಾಗುವುದು. ಅವರ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಇಟಾಲಿಯನ್ ಕಲಿತರೂ, ಅಪ್ಪ ಅಮ್ಮ ಪೌರತ್ವ ಪಡೆಯದಿದ್ದರೆ 18 ತುಂಬುವ ತನಕ ವಿದೇಶಿಯರೇ. ದೊಡ್ಡವರು ಅರ್ಜಿ ಹಾಕಲು ಅಲ್ಲಿ 10 ವರ್ಷ ಇರಬೇಕು. ಅದನ್ನು 5ಕ್ಕೆ ಇಳಿಸಲು 2025ರ ಜೂನಿನಲ್ಲಿ ಜನಮತ ನಡೆಯಿತು, ಅರ್ಧದಷ್ಟು ಮತದಾರರೂ ಬಾರದೆ ಬಿದ್ದುಹೋಯಿತು. ರಕ್ತವೂ ಸಾಲದು, ಮಣ್ಣೂ ಸಾಲದು.

ಇಟಲಿಯವರನ್ನು ಬೈದು ಮುಗಿಸೋಣ ಅಂದುಕೊಂಡೆ. ಆಮೇಲೆ ನಮ್ಮ 1955ರ ಪೌರತ್ವ ಕಾಯ್ದೆ ತೆಗೆದು ನೋಡಿದೆ. ವಿದೇಶದಲ್ಲಿ ಹುಟ್ಟಿದ ಮಗು ವಂಶದ ಮೂಲಕ ಭಾರತದ ಪ್ರಜೆಯಾಗಬೇಕಾದರೆ ಅಪ್ಪ ಭಾರತೀಯನಾಗಿರಬೇಕಿತ್ತು. ಅಮ್ಮನಾದರೂ ಸಾಕು ಅಂತ ಆದದ್ದು 10 ಡಿಸೆಂಬರ್ 1992ರಿಂದ. ಇಟಲಿಗಿಂತ 9 ವರ್ಷ ತಡ!

ಹೋದ ವರ್ಷ ಊರಿನ ಜಮೀನಿನ ಕೆಲಸಕ್ಕೆ ಅಪ್ಪ ವಂಶವೃಕ್ಷ ಮಾಡಿಸಿದ್ದರು. ಅದರ ಫೋಟೋ ಮೊಬೈಲಿನಲ್ಲಿತ್ತು. ತೆಗೆದು ನೋಡಿದೆ. ಮುತ್ತಜ್ಜ, ಅಜ್ಜ, ಅಪ್ಪ, ನಾನು. ಅಜ್ಜಿ ಇದ್ದಾರೆ, "ಹೆಂಡತಿ" ಅಂತ, ಹೆಸರಿನ ಜೊತೆ. ಅವರ ಅಪ್ಪ ಅಮ್ಮ ಯಾರು, ತವರು ಯಾವುದು, ಏನೂ ಇಲ್ಲ. ನನಗೂ ಗೊತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಊರಿನ ಹೆಸರು ಹೇಳಿದರು, ಅಜ್ಜಿಯ ಅಮ್ಮನ ಹೆಸರು ಅವರಿಗೂ ನೆನಪಾಗಲಿಲ್ಲ. "ಅತ್ತೆಗೆ ಗೊತ್ತಿರಬಹುದು, ಕೇಳಿ ಹೇಳ್ತೀನಿ ತಡಿ" ಅಂದರು.

ನೀವೂ ಒಮ್ಮೆ ಮನೆಯಲ್ಲಿ ಕೇಳಿ ನೋಡಿ. ಪಾಸ್‌ಪೋರ್ಟಿಗಲ್ಲ, ಸುಮ್ಮನೆ.