ತೊಟ್ಟವರ ನೆನಪು, ನೋಡಿದವರ ಸೊಗಸು

1971ರ ಜನವರಿ 29ರಂದು ಪ್ಯಾರಿಸ್ಸಿನಲ್ಲಿ ಈವ್ ಸಾಂ ಲೋರಾಂ ತಮ್ಮ ಹೊಸ ಸ್ತ್ರೀ ಉಡುಪುಗಳನ್ನು ಪ್ರದರ್ಶಿಸಿದಾಗ ಪತ್ರಿಕೆಗಳು ಕೆಂಡ ಕಾರಿದವು. ಚೌಕನೆಯ ಹೆಗಲು, ಗಿಡ್ಡ ಲಂಗ, ದಪ್ಪ ಅಟ್ಟೆಯ ಪಾದರಕ್ಷೆ, ತಲೆಗೆ ಸುತ್ತಿದ ಪೇಟ, ಹಸಿರು ಬಣ್ಣದ ನರಿತುಪ್ಪುಳಿನ ಕೋಟು. ಇವು ಕುರೂಪವೆಂದು ಹಲವರು ಬರೆದರು. ಆದರೆ ಸಿಟ್ಟಿನ ಬೇರು ಇನ್ನೂ ಆಳದಲ್ಲಿತ್ತು: 1940ರಿಂದ 1944ರವರೆಗೆ ಜರ್ಮನ್ ಸೇನೆಯ ವಶದಲ್ಲಿದ್ದ ಪ್ಯಾರಿಸ್ಸಿನ ಉಡುಪಿನ ಛಾಯೆ ಇವುಗಳಲ್ಲಿತ್ತು.

ಆ ವರ್ಷಗಳಲ್ಲಿ ಬಟ್ಟೆಗೂ ಪಡಿತರ ಚೀಟಿ ಬೇಕಿತ್ತು. ಚರ್ಮ ದೊರೆಯದೆ ಪಾದರಕ್ಷೆಗೆ ಮರದ ಅಟ್ಟೆ ಹಾಕಿಸುತ್ತಿದ್ದರು. ಅರಿವೆಯ ಅಭಾವದಿಂದ ಲಂಗ ಗಿಡ್ಡವಾಯಿತು. 1947ರಲ್ಲಿ ಕ್ರಿಸ್ತಿಯಾಂ ದಿಯೋರ್ ನೆರಿಗೆ ತುಂಬಿದ ಉದ್ದನೆಯ ಲಂಗ ತಂದು ಆ ಕೊರತೆಯ ಗುರುತನ್ನೇ ಅಳಿಸಿದ್ದರು. ಅದನ್ನು ಅವರ ಶಿಷ್ಯರೇ ಸಿರಿವಂತರ ಅಲಂಕಾರವಾಗಿ ಮರಳಿ ತಂದದ್ದು, ಕಂಡುಂಡವರಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. ವಿಮೋಚನೆಯಾಗಿ 26 ವರ್ಷಗಳಷ್ಟೇ ಕಳೆದಿದ್ದವು.

ಸಾಂ ಲೋರಾಂ ಹುಟ್ಟಿದ್ದು 1936ರಲ್ಲಿ, ಅಲ್ಜೀರಿಯದ ಒರಾನ್ ನಗರದಲ್ಲಿ. ಯುದ್ಧಕಾಲದ ಪ್ಯಾರಿಸ್ ಅವರ ಬಾಲ್ಯದ ಊರಲ್ಲ. ಹಳೆಯ ಉಡುಪುಗಳನ್ನು ಸಂತೆಯಲ್ಲಿ ಆರಿಸಿ ತೊಡುತ್ತಿದ್ದ, ಅವರಿಗೆ ಸ್ಫೂರ್ತಿಯಾದ ಪಲೋಮಾ ಪಿಕಾಸೊ ಹುಟ್ಟಿದ್ದು 1949ರಲ್ಲಿ. ಆ ಪೀಳಿಗೆಯ ಯುವತಿಯರಿಗೆ ಅದೇ ಉಡುಪು ಹೊಸತಾಗಿ, ತುಂಟತನದ್ದಾಗಿ ಕಂಡಿತು.

ಕಾಲ ಯುವತಿಯರ ಪರವಾಗಿ ನಿಂತಿತು. ಹಳೆಯ ದಶಕಗಳ ಉಡುಪನ್ನು ಮರಳಿ ತರುವುದು ಮುಂದೆ ವಾಡಿಕೆಯಾಯಿತು. ಹಾಗೆಂದು ಅಂದು ನೊಂದವರನ್ನು ರಸಹೀನರೆನ್ನಲಾಗದು. ಅವರು ಆ ಬಟ್ಟೆಯನ್ನು ಹಸಿವಿನ ದಿನಗಳಲ್ಲಿ ಮೈಮೇಲೆ ಹೊತ್ತವರು.