ಬೀಮಾರಿಸ್ತಾನಗಳಲ್ಲಿ ಸಂಗೀತ ಚಿಕಿತ್ಸೆ: ಒಂದು ಐತಿಹಾಸಿಕ ನೋಟ

‘ಸಂಗೀತ ಚಿಕಿತ್ಸೆ’ ಎಂಬ ಮಾತು ಈಗ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತದೆ. ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ, ಖಿನ್ನತೆಯಿಂದ ಬಳಲುವವರಿಗೆ, ಆಟಿಸಂ ಇರುವ ಮಕ್ಕಳಿಗೆ ಔಷಧೋಪಚಾರದ ಜೊತೆ ಸಂಗೀತವನ್ನೂ ಬಳಸುವ ಈ ಪದ್ಧತಿಯನ್ನು ಅನೇಕರು ಪಾಶ್ಚಾತ್ಯರ ಹೊಸ ಆವಿಷ್ಕಾರವೆಂದು ತಿಳಿದಿದ್ದಾರೆ. ಒಂದು ಪ್ರತ್ಯೇಕ ವೃತ್ತಿಯಾಗಿ ಅದು ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ ಎಂಬುದು ನಿಜ. ಆದರೆ ಆಸ್ಪತ್ರೆಯೊಳಗೆ ರೋಗಿಯ ಸಲುವಾಗಿಯೇ ಹಾಡಿಸುವ, ವಾದ್ಯ ನುಡಿಸುವ ವಾಡಿಕೆ ಅದಕ್ಕಿಂತ ನೂರಾರು ವರ್ಷ ಮುಂಚೆಯೇ ಇಸ್ಲಾಮೀ ಜಗತ್ತಿನ ಬೀಮಾರಿಸ್ತಾನಗಳಲ್ಲಿತ್ತು. ‘ಬೀಮಾರ್’ ಎಂದರೆ ರೋಗಿ, ‘ಸ್ತಾನ್’ ಎಂದರೆ ಸ್ಥಳ. ಈ ಪಾರ್ಸಿ ಪದವೇ ಅರಬ್ ನಾಡುಗಳಲ್ಲಿ ಆಸ್ಪತ್ರೆಗೆ ಹೆಸರಾಯಿತು.

ಈ ಚರಿತ್ರೆಯನ್ನು ನೆನೆಯುವುದು ಕೇವಲ ಹೆಮ್ಮೆ ಪಡುವುದಕ್ಕಲ್ಲ. ಮನಸ್ಸಿನ ಕಾಯಿಲೆಯವರನ್ನು ಒಂದು ಸಮಾಜ ಹೇಗೆ ಕಂಡಿತು, ನಾವಿಂದು ಹೇಗೆ ಕಾಣುತ್ತಿದ್ದೇವೆ ಎಂಬ ಪ್ರಶ್ನೆ ಇದರೊಳಗಿದೆ.

ಸಂಗೀತದ ಕುರಿತು ಭಿನ್ನಾಭಿಪ್ರಾಯ

ವಿಷಯಕ್ಕೆ ಬರುವ ಮುನ್ನ ಒಂದು ಮಾತು. ಸಂಗೀತದ ಬಗ್ಗೆ, ಅದರಲ್ಲೂ ವಾದ್ಯಗಳ ಬಗ್ಗೆ, ಉಲಮಾಗಳಲ್ಲಿ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದೆ. ಒಂಬತ್ತನೆಯ ಶತಮಾನದ ಇಬ್ನು ಅಬಿದ್ದುನ್ಯಾ ಅದನ್ನು ಖಂಡಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದರು. ಇಮಾಮ್ ಗಝ್ಝಾಲಿ (1058–1111) ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಒಂದು ಅಧ್ಯಾಯವನ್ನು ಇದಕ್ಕೆ ಮೀಸಲಿಟ್ಟು, ಕೇಳುವವನ ಸ್ಥಿತಿ ಮತ್ತು ಹಾಡಿನ ಉದ್ದೇಶಗಳನ್ನು ನೋಡಿ ಯಾವುದು ಸರಿ, ಯಾವುದು ತಪ್ಪು ಎಂದು ವಿಂಗಡಿಸಿದರು. ಆ ಚರ್ಚೆಯನ್ನು ಇತ್ಯರ್ಥಪಡಿಸುವುದು ಈ ಲೇಖನದ ಕೆಲಸವಲ್ಲ. ಅಂದಿನ ಹಕೀಮರು ಸಂಗೀತವನ್ನು ಮನರಂಜನೆಯ ದೃಷ್ಟಿಯಿಂದಲ್ಲದೆ ವೈದ್ಯಕೀಯ ದೃಷ್ಟಿಯಿಂದ ಹೇಗೆ ನೋಡಿದರು ಎಂಬುದಷ್ಟೇ ಇಲ್ಲಿನ ವಿಷಯ.

ಅಲ್ ಕಿಂದಿಯ ಕಥೆ

ಬಗ್ದಾದಿನ ತತ್ವಜ್ಞಾನಿ ಅಲ್ ಕಿಂದಿ (ಸುಮಾರು 801–873) ಗಣಿತ, ಖಗೋಳ, ವೈದ್ಯಕೀಯಗಳ ಜೊತೆ ಸಂಗೀತಶಾಸ್ತ್ರದಲ್ಲೂ ಗ್ರಂಥಗಳನ್ನು ರಚಿಸಿದವರು. ಅವರ ಕುರಿತು ಇಬ್ನುಲ್ ಕಿಫ್ತಿ (ಮರಣ 1248) ಎಂಬ ಚರಿತ್ರಕಾರ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಕಿಂದಿಯ ನೆರೆಮನೆಯಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿಯಿದ್ದ. ಕಿಂದಿಯನ್ನು ಸದಾ ಹಳಿಯುತ್ತಿದ್ದವನು. ಅವನ ವ್ಯಾಪಾರದ ಲೆಕ್ಕಪತ್ರವೆಲ್ಲ ಮಗನ ಕೈಯಲ್ಲಿತ್ತು. ಒಂದು ದಿನ ಮಗನಿಗೆ ಇದ್ದಕ್ಕಿದ್ದಂತೆ ಆಘಾತವಾಗಿ ಪ್ರಜ್ಞೆ ತಪ್ಪಿತು, ಮಾತು ನಿಂತಿತು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ತಂದೆಗೆ ಗೊತ್ತಿರಲಿಲ್ಲ. ಊರಿನ ವೈದ್ಯರೆಲ್ಲ ಕೈಚೆಲ್ಲಿದ ಮೇಲೆ ಆತ ವಿಧಿಯಿಲ್ಲದೆ ಕಿಂದಿಯ ಬಳಿಗೆ ಹೇಳಿ ಕಳುಹಿಸಿದ.

ಕಿಂದಿ ಬಂದು ಮಗನ ನಾಡಿ ಹಿಡಿದು ಕುಳಿತು, ಔದ್ ನುಡಿಸುವುದರಲ್ಲಿ ಪಳಗಿದ್ದ ತಮ್ಮ ಶಿಷ್ಯರಿಂದ ನುಡಿಸಲು ಹೇಳಿದರು. ಬಹಳ ಹೊತ್ತಿನ ಬಳಿಕ ನಾಡಿ ಬಲವಾಯಿತು. ಹುಡುಗ ಕೈಕಾಲು ಆಡಿಸಿದ, ಎದ್ದು ಕುಳಿತ, ಮಾತಾಡಿದ. ‘ಕೇಳಬೇಕಾದದ್ದನ್ನು ಈಗಲೇ ಕೇಳಿಕೋ’ ಎಂದು ಕಿಂದಿ ತಂದೆಗೆ ಸೂಚಿಸಿದರು. ತಂದೆ ಕೇಳಿದ, ಮಗ ಹೇಳಿದ, ಲೆಕ್ಕವೆಲ್ಲ ಬರೆದುಕೊಂಡದ್ದಾಯಿತು. ಅಷ್ಟರಲ್ಲಿ ಹುಡುಗ ಮತ್ತೆ ಮೊದಲಿನ ಸ್ಥಿತಿಗೆ ಮರಳಿದ. ಇನ್ನೂ ನುಡಿಸುವಂತೆ ತಂದೆ ಅಂಗಲಾಚಿದಾಗ, ಉಳಿದಿದ್ದ ಅಲ್ಪ ಆಯುಷ್ಯ ಮುಗಿಯಿತು, ಅದನ್ನು ಹೆಚ್ಚಿಸುವುದು ಮನುಷ್ಯನ ಕೈಯಲ್ಲಿಲ್ಲ ಎಂದು ಕಿಂದಿ ಉತ್ತರಿಸಿದರಂತೆ.

ಕಿಂದಿಯ ಕಾಲಕ್ಕೂ ಇದನ್ನು ಬರೆದವರ ಕಾಲಕ್ಕೂ ಮೂರು ಶತಮಾನಗಳಿಗಿಂತ ಹೆಚ್ಚಿನ ಅಂತರವಿದೆ. ಆದ್ದರಿಂದ ಇದನ್ನು ನಡೆದ ಘಟನೆಯ ವರದಿಯೆಂದು ಒಪ್ಪಬೇಕಾಗಿಲ್ಲ. ಆದರೂ ಕಥೆಯ ಹದವನ್ನು ಗಮನಿಸಿರಿ. ಸಂಗೀತ ಇಲ್ಲಿ ರೋಗವನ್ನು ವಾಸಿ ಮಾಡಲಿಲ್ಲ. ಅದು ಮಾಡಿದ್ದು, ಮಾತು ನಿಂತವನೊಡನೆ ಮತ್ತೊಮ್ಮೆ ಮಾತಾಡಲು ಸ್ವಲ್ಪ ಹೊತ್ತು ದಾರಿ ತೆರೆದದ್ದು. ಪವಾಡದ ಕಥೆ ಕಟ್ಟುವವರು ಹೀಗೆ ಮುಗಿಸುತ್ತಿರಲಿಲ್ಲ.

ನಾಡಿ, ಲಯ ಮತ್ತು ಜೋಗುಳ

ಹತ್ತನೆಯ ಶತಮಾನದಲ್ಲಿ ಬಸ್ರಾದ ಇಖ್ವಾನುಸ್ಸಫಾ ಎಂಬ ವಿದ್ವಾಂಸರ ಬಳಗ ರಚಿಸಿದ ಪತ್ರ ಸಂಪುಟದಲ್ಲಿ ಸಂಗೀತದ ಕುರಿತೂ ಒಂದು ಪತ್ರವಿದೆ. ರೋಗಿಗಳ ನೋವನ್ನು ತಗ್ಗಿಸಲು ಆಸ್ಪತ್ರೆಗಳಲ್ಲಿ ಮುಂಜಾನೆಯ ಹೊತ್ತು ಒಂದು ಬಗೆಯ ರಾಗವನ್ನು ಬಳಸುತ್ತಿದ್ದರೆಂದು ಅದರಲ್ಲಿ ಹೇಳಲಾಗಿದೆ. ಅದೇ ಶತಮಾನದಲ್ಲಿ ಅಲ್ ಫಾರಾಬಿ ಸಂಗೀತಶಾಸ್ತ್ರದ ಮಹಾಗ್ರಂಥ ‘ಕಿತಾಬುಲ್ ಮೂಸೀಖಾ ಅಲ್ ಕಬೀರ್’ ಬರೆದರು.

ಇಬ್ನು ಸೀನಾ (980–1037) ತಮ್ಮ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ನಾಡಿಯ ಬಡಿತದಲ್ಲಿ ಸಂಗೀತದ ಗುಣವಿದೆ ಎಂದು ಹೇಳಿ, ಅದರ ಲಯ ಮತ್ತು ಅನುಪಾತವನ್ನು ಸಂಗೀತದ ಲಯಕ್ಕೆ ಹೋಲಿಸಿದರು. ನಾಡಿ ನೋಡುವ ವೈದ್ಯನ ಕಿವಿಗೂ ಬೆರಳಿಗೂ ಲಯದ ಅರಿವು ಬೇಕೆಂಬುದು ಇದರ ಭಾವ. ಅದೇ ಗ್ರಂಥದಲ್ಲಿ ಶಿಶುಪಾಲನೆಯ ಬಗ್ಗೆ ಬರೆಯುವಾಗ, ಮಗುವಿಗೆ ಎರಡು ಸಂಗತಿಗಳು ಅಗತ್ಯವೆಂದು ಅವರು ಸೂಚಿಸುತ್ತಾರೆ: ಒಂದು ಮೆಲ್ಲನೆ ತೂಗುವುದು, ಇನ್ನೊಂದು ಮಲಗಿಸುವಾಗ ಹಾಡುವ ವಾಡಿಕೆಯ ಹಾಡು. ಮೊದಲನೆಯದು ದೇಹಕ್ಕೆ, ಎರಡನೆಯದು ಮನಸ್ಸಿಗೆ. ನಮ್ಮ ಅಜ್ಜಿಯಂದಿರು ತೊಟ್ಟಿಲು ತೂಗುತ್ತ ಮಾಡಿದ್ದೂ ಇದನ್ನೇ ಅಲ್ಲವೇ?

ವಕ್ಫ್ ಹಣದಿಂದ ನಡೆದ ಆಸ್ಪತ್ರೆಗಳು

ಇವೆಲ್ಲ ಗ್ರಂಥದ ಮಾತುಗಳಾದವು. ಇವು ಆಚರಣೆಗೆ ಬರಲು ಕಟ್ಟಡ ಬೇಕು, ಸಿಬ್ಬಂದಿ ಬೇಕು, ನಿಲ್ಲದೆ ಹರಿದುಬರುವ ಹಣ ಬೇಕು. ಅದನ್ನು ಒದಗಿಸಿದ್ದು ವಕ್ಫ್ ವ್ಯವಸ್ಥೆ. ಅಂಗಡಿ, ಹೊಲ, ಸ್ನಾನಗೃಹಗಳ ವರಮಾನವನ್ನು ಶಾಶ್ವತವಾಗಿ ಆಸ್ಪತ್ರೆಗೆ ಬಿಟ್ಟುಕೊಡಲಾಗುತ್ತಿತ್ತು. 1154ರಲ್ಲಿ ನೂರುದ್ದೀನ್ ಝಂಗಿ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನ ಇಂದಿಗೂ ನಿಂತಿದೆ. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಸ್ಥಾಪಿಸಿದ ಮನ್ಸೂರಿ ಆಸ್ಪತ್ರೆಯ ವಕ್ಫ್ ಪತ್ರ, ಗಂಡಸರು ಹೆಂಗಸರು, ಬಡವರು ಬಲ್ಲಿದರು, ಸ್ವತಂತ್ರರು ಗುಲಾಮರು ಎಂಬ ಭೇದವಿಲ್ಲದೆ ಎಲ್ಲರಿಗೂ ಬಾಗಿಲು ತೆರೆದಿತ್ತು. ನಿದ್ದೆ ಬಾರದ ರೋಗಿಗಳಿಗಾಗಿ ಅಲ್ಲಿ ಹಾಡುವವರೂ ಕಥೆ ಹೇಳುವವರೂ ಇದ್ದರೆಂಬ ವರ್ಣನೆಗಳಿವೆ. 1354ರಲ್ಲಿ ಅಲೆಪ್ಪೋ ನಗರದಲ್ಲಿ ಕಟ್ಟಿದ ಅರ್ಗೂನ್ ಬೀಮಾರಿಸ್ತಾನದಲ್ಲಿ ಮನೋರೋಗಿಗಳ ಕೋಣೆಗಳು ಒಂದು ಅಂಗಳದ ಸುತ್ತ ಇದ್ದವು. ಅಂಗಳದ ಮಧ್ಯೆ ನೀರಿನ ಕೊಳವಿತ್ತು.

ಎಡಿರ್ನೆಯ ಹಾಡುಗಾರರು

ಈ ಪರಂಪರೆಯ ಅತ್ಯಂತ ಸ್ಪಷ್ಟ ಚಿತ್ರ ಸಿಗುವುದು ಇಂದಿನ ಟರ್ಕಿಯ ಎಡಿರ್ನೆ ನಗರದಲ್ಲಿ. ಉಸ್ಮಾನೀ ಸುಲ್ತಾನ ಎರಡನೆಯ ಬಾಯಝೀದ್ 1484ರಲ್ಲಿ ತುಂಜಾ ನದಿಯ ದಡದಲ್ಲಿ ಆರಂಭಿಸಿ 1488ರಲ್ಲಿ ಮುಗಿಸಿದ ಸಂಕೀರ್ಣ ಅದು. ಮಸೀದಿ, ವೈದ್ಯಕೀಯ ಮದ್ರಸ, ಬಡವರಿಗೆ ಊಟ ಹಾಕುವ ಅಡುಗೆಮನೆ ಮತ್ತು ಆಸ್ಪತ್ರೆ ಒಂದೇ ಆವರಣದಲ್ಲಿದ್ದವು. ಆಸ್ಪತ್ರೆಯ ಮುಖ್ಯ ಭಾಗ ದೊಡ್ಡ ಗುಮ್ಮಟದ ಕೆಳಗಿನ ಆರು ಮೂಲೆಯ ಹಜಾರ. ಅದರ ಮಧ್ಯೆ ಕಾರಂಜಿ, ಸುತ್ತಲೂ ರೋಗಿಗಳ ಕೋಣೆಗಳು, ಒಂದು ಬದಿಗೆ ಹಾಡುಗಾರರ ಜಗಲಿ. ಅಲ್ಲಿ ನುಡಿಸಿದ ನಾದ ಎಲ್ಲ ಕೋಣೆಗಳಿಗೂ ಸಮನಾಗಿ ಹರಡುವಂಥ ರಚನೆ.

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಎವ್ಲಿಯಾ ಚೆಲೆಬಿ ಕಂಡದ್ದನ್ನು ತಮ್ಮ ಪ್ರವಾಸ ಗ್ರಂಥದಲ್ಲಿ ಬರೆದಿದ್ದಾರೆ. ಆಸ್ಪತ್ರೆಗೆ ಹತ್ತು ಮಂದಿ ಸಂಗೀತಗಾರರನ್ನು ನೇಮಿಸಲಾಗಿತ್ತು. ಅವರಲ್ಲಿ ಮೂವರು ಹಾಡುಗಾರರು. ಉಳಿದವರು ಕೊಳಲು, ಕಮಾನು ವಾದ್ಯ, ಸಂತೂರ್, ಚಂಗ್, ಔದ್ ಮೊದಲಾದವನ್ನು ನುಡಿಸುವವರು. ವಾರಕ್ಕೆ ಮೂರು ಸಲ ಅವರು ರೋಗಿಗಳ ಮುಂದೆ ಕುಳಿತು ನುಡಿಸುತ್ತಿದ್ದರು. ಇದರ ಜೊತೆ ಹೂವಿನ ಪರಿಮಳ, ನೀರಿನ ಸದ್ದು, ವೈದ್ಯರು ಹೇಳಿದ ಪಥ್ಯದ ಊಟ ಎಲ್ಲವೂ ಸೇರಿತ್ತು. ಸಂಗೀತ ಒಂಟಿ ಔಷಧವಾಗಿರಲಿಲ್ಲ. ಇಡೀ ಆರೈಕೆಯ ಒಂದು ಅಂಗವಾಗಿತ್ತು.

ಚಿತ್ರವನ್ನು ಪೂರ್ತಿಯಾಗಿ ಕೊಡಬೇಕಾದರೆ ಇನ್ನೊಂದನ್ನೂ ಹೇಳಬೇಕು. ಕೆಲವು ರೋಗಿಗಳ ಕೊರಳಿಗೆ ಸರಪಳಿ ಇದ್ದುದನ್ನೂ ಎವ್ಲಿಯಾ ಮರೆಮಾಚದೆ ಬರೆದಿದ್ದಾರೆ. ಬೆಳ್ಳಿ, ಬಂಗಾರದ ಲೇಪವಿದ್ದರೂ ಸರಪಳಿ ಸರಪಳಿಯೇ. ಹಳೆಯ ಕಾಲವೆಲ್ಲ ಸುವರ್ಣ ಯುಗವಾಗಿರಲಿಲ್ಲ. ಹಾಗೆಯೇ ಹದಿನೆಂಟನೆಯ ಶತಮಾನದ ಗೆವ್ರೆಕ್‌ಝಾದೆ ಹಸನ್ ಎಂಬ ವೈದ್ಯ ಯಾವ ರಾಗ ಯಾವ ರೋಗಕ್ಕೆ ಎಂದು ಪಟ್ಟಿ ಮಾಡಿಟ್ಟರು. ಇಂಥ ಪಟ್ಟಿಗಳಿಗೆ ಇಂದಿನ ವಿಜ್ಞಾನದ ಬೆಂಬಲವಿಲ್ಲ. ನಾವು ಉಳಿಸಿಕೊಳ್ಳಬೇಕಾದದ್ದು ಪಟ್ಟಿಯನ್ನಲ್ಲ, ಅದರ ಹಿಂದಿನ ನಿಲುವನ್ನು. ಬುದ್ಧಿ ಕೆಟ್ಟವನೆಂದು ಊರು ಕೈಬಿಟ್ಟ ಮನುಷ್ಯನಿಗೂ ಕೇಳುವ ಕಿವಿಯಿದೆ, ಅರಳುವ ಮನಸ್ಸಿದೆ, ಅವನಿಗಾಗಿ ಹಣ ಮತ್ತು ಸಮಯವನ್ನು ಮೀಸಲಿಡುವುದು ಪುಣ್ಯದ ಕೆಲಸ ಎಂಬುದೇ ಆ ನಿಲುವು. ಆ ಕಟ್ಟಡ 1997ರಲ್ಲಿ ಆರೋಗ್ಯ ವಸ್ತುಸಂಗ್ರಹಾಲಯವಾಯಿತು. 2004ರಲ್ಲಿ ಯುರೋಪ್ ಮಂಡಳಿಯ ವಸ್ತುಸಂಗ್ರಹಾಲಯ ಪ್ರಶಸ್ತಿ ಅದಕ್ಕೆ ದೊರೆಯಿತು.

ಆಧುನಿಕ ವಿಜ್ಞಾನ ಏನು ಹೇಳುತ್ತದೆ?

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಅಮೆರಿಕದ ಸಂಗೀತಗಾರರು ಹೋಗುತ್ತಿದ್ದರು. ಅದಕ್ಕೆ ತಕ್ಕ ತರಬೇತಿ ಬೇಕೆಂಬ ಅರಿವು ಮೂಡಿ, 1944ರಲ್ಲಿ ಮಿಷಿಗನ್ ಸ್ಟೇಟ್ ಕಾಲೇಜಿನಲ್ಲಿ ಸಂಗೀತ ಚಿಕಿತ್ಸೆಯ ಮೊದಲ ಪದವಿ ಶಿಕ್ಷಣ ಆರಂಭವಾಯಿತು. 1950ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 1958ರಲ್ಲಿ ಬ್ರಿಟನ್ನಿನಲ್ಲಿ ಜೂಲಿಯೆಟ್ ಆಲ್ವಿನ್ ಎಂಬ ಚೆಲ್ಲೋ ವಾದಕಿ ಇಂಥದೇ ಸಂಸ್ಥೆಯನ್ನು ಕಟ್ಟಿದರು.

1973ರಲ್ಲಿ ಬಾಸ್ಟನ್ನಿನ ತಜ್ಞರು ಒಂದು ವಿಧಾನವನ್ನು ಪ್ರಕಟಿಸಿದರು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದ ಕೆಲವರು ಹಾಡಿನ ಸಾಲನ್ನು ಮಾತ್ರ ಹೇಳಬಲ್ಲರು. ಇದನ್ನು ಬಳಸಿಕೊಂಡು, ‘ನೀರು ಬೇಕು’ ಎಂಬಂಥ ಸಣ್ಣ ಮಾತುಗಳನ್ನು ರಾಗವಾಗಿ, ಎಡಗೈಯಿಂದ ತಾಳ ಹಾಕುತ್ತ ಹೇಳಿಸಿ, ಕ್ರಮೇಣ ರಾಗವನ್ನು ಕಡಿಮೆ ಮಾಡುತ್ತ ಮಾತಿಗೆ ತರುವುದು ಆ ವಿಧಾನ. ಕಿಂದಿಯ ಕಥೆ ಇಲ್ಲಿ ನೆನಪಾಗದಿರದು. ಪಾರ್ಕಿನ್ಸನ್ ಕಾಯಿಲೆಯವರು ತಾಳಕ್ಕೆ ತಕ್ಕಂತೆ ಹೆಜ್ಜೆಯಿಟ್ಟಾಗ ನಡಿಗೆ ಸುಧಾರಿಸುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಖಿನ್ನತೆಗೆ ಎಂದಿನ ಚಿಕಿತ್ಸೆಯ ಜೊತೆ ಸಂಗೀತ ಚಿಕಿತ್ಸೆಯೂ ಸೇರಿದರೆ ಅಲ್ಪಾವಧಿಯಲ್ಲಿ ಹೆಚ್ಚಿನ ಪ್ರಯೋಜನವಿದೆಯೆಂದು 2017ರ ಕಾಕ್ರೇನ್ ಸಮೀಕ್ಷೆ ತಿಳಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿ, ಕಲೆ ಮತ್ತು ಆರೋಗ್ಯದ ಸಂಬಂಧದ ಕುರಿತು 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿತು.

ಮಿತಿಗಳೂ ಇವೆ. ಒಂಬತ್ತು ದೇಶಗಳ 364 ಆಟಿಸಂ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಂಗೀತ ಚಿಕಿತ್ಸೆಯಿಂದ ಮುಖ್ಯ ಲಕ್ಷಣಗಳ ತೀವ್ರತೆ ಗಣನೀಯವಾಗಿ ತಗ್ಗಲಿಲ್ಲ. ಸಂಗೀತ ಔಷಧಕ್ಕೆ ಬದಲಿಯಲ್ಲ, ಆರೈಕೆಗೆ ಜೊತೆ ಎಂಬುದು ಇಂದಿನ ವಿವೇಕದ ನಿಲುವು. ಎಡಿರ್ನೆಯಲ್ಲಿ ನಡೆದದ್ದೂ ಹಾಗೆಯೇ.

ನಮ್ಮ ಮುಂದಿರುವ ಪ್ರಶ್ನೆ

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಒಂದು ಖಾಸಗಿ ಆಶ್ರಯ ಮನೆಗೆ ಬೆಂಕಿ ಬಿತ್ತು. ಅಲ್ಲಿದ್ದ ಮನೋರೋಗಿಗಳನ್ನು ಸರಪಳಿಯಿಂದ ಬಿಗಿದಿದ್ದರಿಂದ ಓಡಲಾಗಲಿಲ್ಲ. 28 ಮಂದಿ ಪ್ರಾಣ ಕಳೆದುಕೊಂಡರು. ವಾಸಿಯಾದೀತೆಂಬ ಆಸೆಯಿಂದ ಮನೆಯವರೇ ಅವರನ್ನು ಅಲ್ಲಿ ಬಿಟ್ಟು ಹೋಗಿದ್ದರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಣೆಯಿಂದ ಪ್ರಕರಣವನ್ನು ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಕಾನೂನು ಬಂದರೂ, ಮನೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಲ್ಪಟ್ಟವರು, ಜಿನ್ನ್ ಬಾಧೆಯೆಂದು ಊರಿಂದೂರಿಗೆ ಅಲೆಸಲ್ಪಟ್ಟವರು, ‘ಮದುವೆ ಸಂಬಂಧ ತಪ್ಪೀತು’ ಎಂಬ ಭಯದಿಂದ ಡಾಕ್ಟರರ ಬಳಿ ಹೋಗದವರು ನಮ್ಮ ನಡುವೆ ಇಲ್ಲವೆಂದು ಯಾರು ಎದೆ ತಟ್ಟಿ ಹೇಳಬಲ್ಲರು?

ಐದು ಶತಮಾನಗಳ ಹಿಂದೆ ವಕ್ಫ್ ಆದಾಯದಿಂದ ಮನೋರೋಗಿಗೆ ಕಾರಂಜಿ, ಹೂವು, ಹಾಡುಗಳನ್ನು ಒದಗಿಸಿದ ಪರಂಪರೆ ನಮ್ಮದೆಂದು ಹೇಳಿಕೊಳ್ಳುವವರು, ಇಂದು ಅವನನ್ನು ಮರೆಯಲ್ಲಿಡುವುದು ಆ ಪರಂಪರೆಗೆ ಮಾಡುವ ಅಪಚಾರ. ಪ್ರಾರ್ಥನೆ ಇರಲಿ, ಜೊತೆಗೆ ಚಿಕಿತ್ಸೆಯೂ ಇರಲಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ.

ವಿದ್ಯಾರ್ಥಿ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ಡಾಕ್ಟರ್, ಎಂಜಿನಿಯರ್ ಎಂಬೆರಡೇ ದಾರಿಗಳಿವೆಯೆಂದು ತಿಳಿಯಬೇಡಿ. ಮನಶ್ಶಾಸ್ತ್ರ, ವಾಕ್ ಚಿಕಿತ್ಸೆ, ವಿಶೇಷ ಮಕ್ಕಳ ಶಿಕ್ಷಣ, ಮನೋವೈದ್ಯಕೀಯ ಸಮಾಜಕಾರ್ಯ ಮೊದಲಾದ ಕ್ಷೇತ್ರಗಳಲ್ಲಿ ಓದಿದವರ ಕೊರತೆ ನಮ್ಮಲ್ಲಿ ಬಹಳವಿದೆ. ನಿಮ್ಮಲ್ಲಿ ಒಬ್ಬರು ಈ ದಾರಿ ಹಿಡಿದು, ಮಾತು ಕಳೆದುಕೊಂಡ ಒಬ್ಬನಿಂದ ‘ನೀರು ಬೇಕು’ ಎಂದು ಹೇಳಿಸಿದರೆ, ಬೀಮಾರಿಸ್ತಾನಗಳ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುತ್ತದೆ.