ಪತ್ರಿಕೆಗಳು ಕಟ್ಟಿಸಿದ ದೋಣಿ

ಲಿಪ್ಟನ್ ಎಂಬ ಹೆಸರು ಚಹದ ಪೊಟ್ಟಣದ ಮೇಲೆ ಕುಳಿತು ನಮ್ಮ ಅಡಿಗೆಮನೆಗಳಿಗೆ ಬಂದು ಬಹಳ ಕಾಲವಾಯಿತು. ಆ ಹೆಸರಿನ ಒಡೆಯ ಸರ್ ಥಾಮಸ್ ಲಿಪ್ಟನ್ನನಿಗೆ ಹಾಯಿದೋಣಿಯ ಹುಚ್ಚಿತ್ತೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಗ್ಲಾಸ್ಗೋದ ಸಣ್ಣ ಅಂಗಡಿಯವನ ಮಗ, ದೊಡ್ಡ ಧನಿಕನಾದ. ಅಮೆರಿಕಾ ಕಪ್ಪಿಗಾಗಿ 1899ರಿಂದ 1930ರವರೆಗೆ ಐದು ಸಲ ಸ್ಪರ್ಧಿಸಿ ಐದು ಸಲವೂ ಸೋತ. 1815ರಲ್ಲಿ ಹುಟ್ಟಿದ ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಕುಲೀನರ ಸಂಘ ಅವನನ್ನು ಒಳಕ್ಕೆ ಬಿಟ್ಟುಕೊಂಡದ್ದು 1931ರಲ್ಲಿ, ಅವನು ತೀರಿಕೊಂಡ ವರ್ಷ. ದೊರೆಯ ಸ್ನೇಹವಿದ್ದವನಿಗೇ ಈ ಗತಿಯಾದರೆ ಕಾರ್ಖಾನೆಯ ಫಿಟ್ಟರನಿಗೆ, ಶಾಲೆಯ ಮೇಷ್ಟರಿಗೆ ಹಾಯಿಯ ಹಗ್ಗ ಮುಟ್ಟುವ ಯೋಗ ಎಲ್ಲಿಂದ ಬರಬೇಕು?

ಆದರೂ ಬಂತು. ಅದನ್ನು ತಂದವರಲ್ಲಿ ದಿನಪತ್ರಿಕೆಗಳವರೂ ಇದ್ದರೆಂಬುದು ಪತ್ರಿಕೆಯ ಓದುಗನಾದ ನನಗೆ ಮೋಜೆನಿಸುತ್ತದೆ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎರಡು ಸಂಗತಿ ಬದಲಾಗಿದ್ದವು. ದುಡಿಯುವವನಿಗೂ ಸಂಬಳಸಹಿತ ರಜೆ ಸಿಗುವಂತೆ 1938ರಲ್ಲಿ ಕಾಯಿದೆಯಾಗಿತ್ತು. ಯುದ್ಧವಿಮಾನಗಳಿಗೆಂದು ಸುಧಾರಿಸಿದ, ನೀರಿಗೆ ಬಿಡದ ಅಂಟು ಮತ್ತು ಪ್ಲೈವುಡ್ಡು ಬಡಗಿಯ ಕೈಗೂ ಬಂದಿದ್ದವು. ಜ್ಯಾಕ್ ಹೋಲ್ಟ್ ಎಂಬ ದೋಣಿಗಾರ ಇದನ್ನು ಚೆನ್ನಾಗಿ ಬಳಸಿಕೊಂಡ. 1956ರಲ್ಲಿ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಗಾಗಿ ಅವನು ರೂಪಿಸಿದ ‘ಎಂಟರ್‌ಪ್ರೈಸ್’ ದೋಣಿಗೆ ನೀಲಿ ಹಾಯಿ. ಜನಕ್ಕೆ ನಂಬಿಕೆ ಹುಟ್ಟಿಸಲೆಂದು ಅಂಥ ಎರಡು ದೋಣಿಗಳನ್ನು ಜನವರಿಯ ಕೊರೆಯುವ ರಾತ್ರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿದರು! ಪತ್ರಿಕೆ 1960ರಲ್ಲಿ ನಿಂತುಹೋಯಿತು, ದೋಣಿ ನಿಲ್ಲಲಿಲ್ಲ.

ಇನ್ನೂ ಸ್ವಾರಸ್ಯವಾದದ್ದು ‘ಡೈಲಿ ಮಿರರ್’ ಪತ್ರಿಕೆಯ ದೋಣಿ. ಮನೆಗೆಲಸವನ್ನು ನೀವೇ ಮಾಡಿಕೊಳ್ಳಿರೆಂದು ದೂರದರ್ಶನದಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಅದರ ಕಲ್ಪನೆ ಕೊಟ್ಟ, ಹೋಲ್ಟ್ ತಿದ್ದಿದ. 1963ರಲ್ಲಿ ಮಾರಾಟಕ್ಕೆ ಬಂತು. ಬೆಲೆ 63 ಪೌಂಡ್ 11 ಷಿಲಿಂಗ್. ಉದ್ದ ಹನ್ನೊಂದು ಅಡಿಗೆ ಎರಡಂಗುಲ ಕಡಿಮೆ. ಕೊಂಡವನ ಮನೆಗೆ ಬರುತ್ತಿದ್ದುದು ದೋಣಿಯಲ್ಲ, ಕತ್ತರಿಸಿದ ಹಲಗೆಗಳು. ಅಂಚಿನ ತೂತುಗಳಲ್ಲಿ ತಾಮ್ರದ ತಂತಿ ಪೋಣಿಸಿ, ದರ್ಜಿ ಅಂಗಿ ಹೊಲಿದಂತೆ ಹಲಗೆ ಹಲಗೆಯನ್ನು ಹೊಲಿದು, ಸಂದಿಗೆ ಗಾಜಿನ ನಾರಿನ ಪಟ್ಟಿ ಹಚ್ಚಿ ರಾಳ ಬಳಿದರೆ ಆಯಿತು. ಹಾಯಿಯ ಬಣ್ಣ ಕೆಂಪು. ಪತ್ರಿಕೆಯ ತಲೆಬರಹದ ಬಣ್ಣವೇ. ಜಾಹೀರಾತೆಂದು ಮೂಗು ಮುರಿಯಬಹುದು. ಆದರೆ ಅಂಥ ದೋಣಿಗಳು ಮುಂದೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾದವು.

ದೋಣಿಯಾಯಿತು, ನೀರೆಲ್ಲಿ? ವಿಂಡರ್ಮಿಯರ್ ಸರೋವರದಲ್ಲಿ 1860ರಿಂದಲೇ ಯಾಟ್ ಕ್ಲಬ್ಬಿತ್ತು, ನಿಜ. ಹೊಸಬರಿಗೆ ಒದಗಿದ್ದು ಜಲ್ಲಿ ತೆಗೆದು ನೀರು ನಿಂತ ಹೊಂಡಗಳು, ಗ್ರಾಫಮ್‌ನಂಥ ಕುಡಿಯುವ ನೀರಿನ ಜಲಾಶಯಗಳು. ಅಲ್ಲಿನ ಸಂಘಗಳಲ್ಲಿ ಏನೂ ಅರಿಯದವನು ಬಂದರೂ ಬಲ್ಲವನೊಬ್ಬನ ದೋಣಿಯಲ್ಲಿ ಕುಳಿತು, ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿದು, ಒಂದೆರಡು ಸಲ ನೀರಿಗೆ ಬಿದ್ದು ಕಲಿಯಬಹುದು. ಪಂದ್ಯಕ್ಕೂ ಒಂದು ಜಾಣತನದ ಲೆಕ್ಕ ಹೂಡಿದರು. ಒಂದೊಂದು ಜಾತಿಯ ದೋಣಿಗೂ ಅದರ ವೇಗಕ್ಕೆ ತಕ್ಕ ಅಂಕ; ಓಡಿದ ಕಾಲವನ್ನು ಸಾವಿರದಿಂದ ಗುಣಿಸಿ ಆ ಅಂಕದಿಂದ ಭಾಗಿಸುವುದು. ಮಿರರ್‌ಗೆ ಸುಮಾರು 1,400, ಎಂಟರ್‌ಪ್ರೈಸ್‌ಗೆ ಸುಮಾರು 1,100 ಎನ್ನೋಣ. ಇದು 55 ನಿಮಿಷಕ್ಕೆ ಮುಟ್ಟಿದರೆ, ಅದು 70 ನಿಮಿಷಕ್ಕೆ ತೆವಳಿಕೊಂಡು ಬಂದರೂ ಇಬ್ಬರೂ ಸಮ. ಹೊಲಿದ ದೋಣಿಯ ಮೇಷ್ಟರು ಹೀಗೆ ಗೆಲ್ಲುವುದೂ ಉಂಟು.

ನಮ್ಮ ಹಲಸೂರು ಕೆರೆಯಲ್ಲಿ ಸೇನೆಯ ಇಂಜಿನಿಯರ್ ಪಡೆಯವರ ಬಿಳಿ ಹಾಯಿಗಳನ್ನು ದಂಡೆಯ ಮೇಲೆ ನಿಂತು ನೋಡಿದ್ದೇನೆ. ಗಾಳಿ ಎದುರಾದರೂ ದೋಣಿ ಓರೆಯೋರೆಯಾಗಿ ಮುಂದಕ್ಕೇ ಹೋಗುವುದನ್ನು ಕಂಡು ಬೆರಗಾಗಿದ್ದೇನೆ. ‘ಅಧಿಕಾರದ ಚುಕ್ಕಾಣಿ’ ಎಂಬ ಮಾತನ್ನು ಪ್ರತಿವರ್ಷ ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ನೀವು ಹಿಡಿದಿದ್ದೀರಾ?” ಎಂದು ಕೇಳಿಬಿಟ್ಟ. ಇಲ್ಲವೆಂದೆ. ಕ್ಲಾಸು ನಕ್ಕಿತು, ನಾನೂ ನಕ್ಕೆ.